ಜೀಪು ಹೂತವರದೇ ಅಡಿಗೆ

ಜೀಪು ತಗೊಂಡು ಜಾಂಬೋಟಿ ಗುಡ್ಡದಾಗ ಟೆಂಟ್ ಹಾಕಲು ಹೋಗುವ ನಮ್ಮ ಬೆಳಗಾವಿ ಗುಂಪಿನಲ್ಲಿ ಒಂದೇ ನಿಯಮ: ಯಾರ ಜೀಪು ಕೆಸರಿನಲ್ಲಿ ಹೂತುಹೋಯಿತೋ, ಅವತ್ತು ಎಲ್ಲರಿಗೂ ಅಡಿಗೆ ಅವರದೇ. ಖಾನಾಪುರದ ಶಮೀಮಕ್ಕನ ಬಿರಿಯಾನಿ ರುಚಿ ಗೊತ್ತಿದ್ದ ನನಗೆ, ಅವರ ಜೀಪು ಒಮ್ಮೆಯೂ ಹೂತುಹೋಗುವುದಿಲ್ಲವಲ್ಲ ಎಂಬುದೇ ಸಂಕಟ.

ಈ ಸಲ ಹಳ್ಳ ಎದುರಾದಾಗ, ಕೆಸರು ಎಡಕ್ಕಿರುವುದನ್ನು ನೋಡಿಯೂ, ಹಿಂದಿದ್ದ ನನ್ನ ಜೀಪಿನಿಂದ ತಲೆ ಹೊರಹಾಕಿ, "ಅಕ್ಕಾ, ಎಡಕ್ಕ ಹೊಡೀರಿ, ನೆಲ ಗಟ್ಟಿ ಐತಿ" ಅಂದೆ.

"ಖರೇನ?"

"ನಿಮ್ಮಾಣೆ ಅಕ್ಕಾ!"

ಅಕ್ಕ ಎಡಕ್ಕೇ ಇಳಿಸಿದರು. ಗಾಲಿ ಅರ್ಧ ಮುಳುಗಿದವು. ನನಗಾಗಲೇ ಬಿರಿಯಾನಿ ವಾಸನೆ ಬಂತು. ಆದರೆ ಅವರು ಗಾಬರಿಯಾಗಿ ಎಕ್ಸಿಲರೇಟರ್ ತುಳಿಯಲಿಲ್ಲ. ಸ್ಟೇರಿಂಗ್ ಅತ್ತಿತ್ತ ಆಡಿಸುತ್ತ, ಮಲಗಿದ ಎಮ್ಮೆಯನ್ನು ಕೆರೆಯಿಂದ ಎಬ್ಬಿಸಿದ ಹಾಗೆ, ಮೆಲ್ಲಗೆ ಆಚೆ ದಡ ಹತ್ತಿಸಿಬಿಟ್ಟರು. ಬಿರಿಯಾನಿ ಮರೆತು ಚಪ್ಪಾಳೆ ಹೊಡೆದೆ.

"ಈಗ ನೀ ಬಾ ತಮ್ಮಾ," ಅಕ್ಕ ಕೂಗಿದರು. "ಎಡಕ್ಕ! ನೆಲ ಗಟ್ಟಿ ಐತಲ್ಲ!"

ಎಲ್ಲರೂ ನೋಡುತ್ತಿದ್ದರು. ಬಲಕ್ಕೆ ಹೋದರೆ ಸುಳ್ಳು ಬಯಲಾಗುತ್ತಿತ್ತು. ಎಡಕ್ಕೇ ಇಳಿದೆ, ನಟ್ಟನಡುವೆ ಹೂತುಹೋದೆ. ಅಕ್ಕನೇ ಹಗ್ಗ ಕಟ್ಟಿ ನಗುತ್ತ ಎಳೆದರು.

ಆ ಸಂಜೆ ನನ್ನ ಬಿರಿಯಾನಿ ಉಂಡ ಮೇಲೆ ನಿಯಮ ಬದಲಾಯಿತು: ಜೀಪು ಹೂತವರು ಇನ್ನು ಪಾತ್ರೆ ತಿಕ್ಕಿದರೆ ಸಾಕು. ಮುಂದೆ ಅಡಿಗೆ ತಪ್ಪಲಿ ಅಂತ ಅನ್ನ ಬೇಕಂತಲೇ ಹೊತ್ತಿಸಿದೆ ಅಂದರೆ ಯಾರೂ ನಂಬುತ್ತಿಲ್ಲ. ಖರೇ ಹೇಳಿದಾಗಲೇ ನನ್ನ ನಂಬೂದಿಲ್ಲ ನೋಡ್ರಿ ಈ ಮಂದಿ.