ಕಂಬಕ್ಕೆ ಒರಗಿ ಕೂತ ದಾಮೋದರ ಮಾಸ್ತರರು

ಅಕ್ಕಲಕೋಟೆಯ ದಾಮೋದರ ಮಾಸ್ತರರು ಮಾತು ಬಿಟ್ಟಾಗ ಓಣಿಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತ, ಮನೆಯಲ್ಲಿ ಆ ಊರಲ್ಲೇ ಸಮಾಧಿಯಾದ ಅವಧೂತ ಸ್ವಾಮಿ ಸಮರ್ಥರ ಭಾವಚಿತ್ರ ಬರೆಯುತ್ತ ಐವತ್ತು ದಾಟಿದವರು ಅವರು. ಸೋಲಾಪುರದ ಎಷ್ಟೋ ದೇವರ ಕೋಣೆಗಳಲ್ಲಿ ಅವರು ಬರೆದ ಸ್ವಾಮಿಗಳಿದ್ದಾರೆ. ಕಳೆದ ಮಳೆಗಾಲದಲ್ಲಿ ಕುಂಚ ಒಣಗಿತು. ರಜೆ ಹಾಕಿ ಪಡಸಾಲೆಯ ಕಂಬಕ್ಕೆ ಒರಗಿ ಕೂತರು. ಗಡ್ಡ ಬೆಳೆಯಿತು. ಊಟ ಒಂದು ಹೊತ್ತಿಗೆ ಇಳಿಯಿತು. ಬೇರೆ ಊರಾಗಿದ್ದರೆ ಯಾರಾದರೂ ಡಾಕ್ಟರರ ಹೆಸರು ಹೇಳುತ್ತಿದ್ದರೇನೋ. ಅಕ್ಕಲಕೋಟೆಯಲ್ಲಿ ಮಾತು, ಅನ್ನ, ಕ್ಷೌರ ಬಿಟ್ಟು ಕೂತವರಿಗೆ ಬೇರೆಯೇ ಅರ್ಥವಿದೆ.

"ಸ್ವಾಮಿಗಳನ್ನ ಬರದು ಬರದು ಅವರಂಗ ಆಗ್ಯಾರ," ಎಂದರು ಪಕ್ಕದ ಮನೆಯ ಜನಾಬಾಯಿ. "ದ್ವಾರಕಾಬಾಯಿ, ನಿಮ್ಮ ಪುಣ್ಯಾ ದೊಡ್ಡದು. ನಮ್ಮ ಮನಿಯವರು ಒಂದು ತಾಸು ಬಾಯಿ ಮುಚ್ಚಿದರ ನಾನೂ ಆರತಿ ಮಾಡತೀನಿ!"

ಮಾಸ್ತರರ ಹೆಂಡತಿ ದ್ವಾರಕಾ ನಕ್ಕರು. ಗುರುವಾರ ಸ್ವಾಮಿಗಳ ದರ್ಶನಕ್ಕೆ ಬಂದ ಪರಸ್ಥಳದವರು ಈ ಮನೆಗೂ ಬರತೊಡಗಿದರು. ಯಾರಾದರೂ ನಮಸ್ಕಾರಕ್ಕೆ ಬಗ್ಗಿದರೆ ಮಾಸ್ತರರು ಕಾಲು ಒಳಗೆ ಎಳೆದುಕೊಳ್ಳುತ್ತಿದ್ದರು. ಅದನ್ನೂ ಜನ ವಿನಯವೆಂದರು. ದ್ವಾರಕಾ ಚಾಪೆ ಹಾಸಿ, ಬಂದವರಿಗೆ ಚಹಾ ಕೊಟ್ಟರು. ಗಂಡನನ್ನು ನೋಡಿದಾಗಲೆಲ್ಲ ಒಳಗೆ ಏಳುತ್ತಿದ್ದ ಹೆದರಿಕೆಯನ್ನು ಆ ನಮಸ್ಕಾರಗಳು ಅಷ್ಟು ಹೊತ್ತು ಸುಮ್ಮನಾಗಿಸುತ್ತಿದ್ದವು.

ಮಗಳು ಪೂರ್ವಾ ಸೋಲಾಪುರದಲ್ಲಿ ಓದುತ್ತಾಳೆ. ದೀಪಾವಳಿ ರಜೆಗೆ ಬಂದವಳು ಒಂದು ಮಧ್ಯಾಹ್ನ ಟಿವಿಯಲ್ಲಿ ಹಿಂದಿಗೆ ಡಬ್ ಆದ ವೈಜ್ಞಾನಿಕ ಧಾರಾವಾಹಿ ಹಚ್ಚಿದಳು. ಅಂದಿನ ಕಂತು ನೆಲದಡಿಯ ಒಂದು ನಗರದ ಕಥೆ. ಆಕಾಶವನ್ನೇ ಕಾಣದ ಜನರಿಗಾಗಿ ಒಬ್ಬ ಚಿತ್ರಕಾರ ದಿನವೂ ಛಾವಣಿಯ ಮೇಲೆ ಆಕಾಶ ಬರೆಯುತ್ತಾನೆ. ಒಂದು ದಿನ ಹಾಸಿಗೆಯಿಂದ ಏಳುವುದೇ ಇಲ್ಲ. ಯಂತ್ರಗಳು ಅವನ ಕಣ್ಣು, ಕೈ, ನಾಡಿ ಪರೀಕ್ಷಿಸಿ ದೋಷವಿಲ್ಲ ಎನ್ನುತ್ತವೆ. ಅಧಿಕಾರಿಗಳು ಪದಕ ತಂದು ಕೊರಳಿಗೆ ಹಾಕುತ್ತಾರೆ. ಅವನು ಪದಕದ ಸಮೇತ ಗೋಡೆಯ ಕಡೆ ಹೊರಳುತ್ತಾನೆ. ಅಲ್ಲಿಯವರೆಗೆ ಕಂತು ಪ್ರಾಮಾಣಿಕವಾಗಿತ್ತು. ಕೊನೆಗೆ ಬೇರೆ ಗ್ರಹದ ಹುಡುಗಿಯೊಬ್ಬಳು ಬಂದು ಅವನಿಗೆ ನಿಜವಾದ ನಕ್ಷತ್ರ ತೋರಿಸುತ್ತಾಳೆ. ಸಂಗೀತ ಏರುತ್ತದೆ, ಅವನು ಎದ್ದು ಕುಂಚ ಹಿಡಿಯುತ್ತಾನೆ.

ಪೂರ್ವಾ ಕಣ್ಣೊರೆಸಿಕೊಂಡಳು. ಕಂಬದ ಕಡೆಯಿಂದ ದನಿ ಬಂತು.

"ಸುಳ್ಳದ."

ತಾಯಿ, ಮಗಳು ಇಬ್ಬರೂ ತಿರುಗಿದರು.

"ಏನ್ ಸುಳ್ಳು, ಬಾಬಾ?" ಪೂರ್ವಾ ಅಪ್ಪನನ್ನು ಕೇಳಿದಳು.

"ಹೊರಳಿದ್ದು ಖರೆ. ಎದ್ದದ್ದು ಸುಳ್ಳು. ಇಷ್ಟು ಲಗೂ ಏಳಾಕ ಆಗಂಗಿಲ್ಲ."

ದ್ವಾರಕಾ ಹತ್ತಿರ ಬಂದು ಕೂತರು. "ಅಲ್ರೀ, ನೀವು ಸ್ವಾಮಿಗಳ ಧ್ಯಾನದಾಗ..."

"ಎಲ್ಲಿ ಧ್ಯಾನ? ಯಾವ ಬಣ್ಣಾ ಕಲಸಿದರೂ ರಾಡಿ ಕಂಡಂಗ ಕಾಣತದ. ಸ್ವಾಮಿಗಳ ಮಾರಿನೂ ಹಂಗ. ಇದನ್ನ ಯಾರ ಮುಂದ ಹೇಳಲಿ? ನೀ ಬಂದವರಿಗೆ ಚಹಾ ಮಾಡಾಕತ್ತಿದ್ದಿ."

ಮರುದಿನ ಮೂವರೂ ಎಸ್‌ಟಿ ಬಸ್ಸಿನಲ್ಲಿ ಸೋಲಾಪುರಕ್ಕೆ ಹೋದರು. ಡಾಕ್ಟರರು ಅದಕ್ಕೆ ಖಿನ್ನತೆ ಎಂಬ ಹೆಸರಿಟ್ಟರು, ಗುಳಿಗೆ ಬರೆದುಕೊಟ್ಟರು, ಗುಣ ನಿಧಾನವೆಂದರು. ಇನ್ನಷ್ಟು ಮೊದಲೇ ಕರೆತರಬೇಕಿತ್ತು ಎಂದೂ ಹೇಳಿದರು. ಆಗ ದ್ವಾರಕಾ ತಲೆ ಎತ್ತಲಿಲ್ಲ.

ಗುರುವಾರ ಮಂಗಳವೇಢೆಯ ಹೆಂಗಸೊಬ್ಬರು ತೆಂಗಿನಕಾಯಿ ಹಿಡಿದು ಬಂದರು. ದ್ವಾರಕಾ ಬಾಗಿಲಲ್ಲೇ ನಿಂತರು.

"ಬ್ಯಾಡ್ರಿ ಅಕ್ಕಾರ. ಅವರಿಗೆ ಆರಾಮಿಲ್ಲ. ಮನಸ್ಸಿನ ಜಡ್ಡು."

"ಹೋದ ಸಲ ನನ್ನ ಕೈ ಹಿಡದು ಒಳಗ ಕರಕೊಂಡು ಹೋದವರು ನೀವ ಅಲ್ಲೇನ್ರಿ?"

"ಹೌದ್ರಿ. ನಾನ."

ಆಕೆ ಕಾಯಿಯನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದರು. ತಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಜನಾಬಾಯಿ ಒಳಗೆ ಹೋದರು. ಅವರೂ ಈಗ ಬರುವುದಿಲ್ಲ.

ಮಾಸ್ತರರು ಇನ್ನೂ ಕುಂಚ ಮುಟ್ಟಿಲ್ಲ. ಮುಟ್ಟುತ್ತಾರೋ ಇಲ್ಲವೋ ಡಾಕ್ಟರರೂ ಹೇಳುವುದಿಲ್ಲ. ಸಂಜೆ ಕೆಲಸ ಮುಗಿಸಿ ದ್ವಾರಕಾ ಅದೇ ಕಂಬದ ಇನ್ನೊಂದು ಬದಿಗೆ ಒರಗಿ ಕೂರುತ್ತಾರೆ, ಏನೂ ಕೇಳುವುದಿಲ್ಲ. ಮಾಸ್ತರರು ಈಗ ಕಾಲು ಚಾಚಿ ಕೂರುತ್ತಾರೆ.