ನಾದಿನಿಗೆ ನಾನು ಆರಿಸಿಕೊಟ್ಟ ಆ್ಯಂಟಿಬಾಡಿ

ಪವಿತ್ರಾಳ ಪ್ರಯೋಗ ಹಾಳಾದದ್ದು ಅವಳ ಕೈಯಿಂದಲ್ಲ, ನನ್ನಿಂದ. ಯಾವ ಆ್ಯಂಟಿಬಾಡಿ ತರಿಸಬೇಕು ಎಂದು ಅವಳು ಕೇಳಿದಾಗ, ಅವಳ ಕೆಲಸಕ್ಕೆ ಆಗದು ಎಂದು ಗೊತ್ತಿದ್ದದ್ದನ್ನೇ ನಾನು ತೋರಿಸಿದೆ. ಮರೆತು ಅಲ್ಲ, ಅವಸರದಲ್ಲೂ ಅಲ್ಲ — ಗೊತ್ತಿದ್ದೇ ತೋರಿಸಿದೆ. ಆಮೇಲೆ ಅವಳಿಗೆ ಅನುಮಾನ ಬಂದಾಗ ಆ ಅನುಮಾನವನ್ನೂ ನಾನೇ ಅಳಿಸಿಹಾಕಿದೆ. ಅವಳ ಮೇಲೆ ನನಗಿದ್ದ ಹೊಟ್ಟೆಕಿಚ್ಚಲ್ಲದೆ ಇದಕ್ಕೆ ಬೇರೆ ಕಾರಣವಿಲ್ಲ.

ಪವಿತ್ರಾ ನನ್ನ ಗಂಡನ ತಂಗಿ. ನಾನು ಕೋಡಿಂಬಾಳದ ಮನೆಗೆ ಸೊಸೆಯಾಗಿ ಬಂದಾಗ ಅವಳಿನ್ನೂ ಡಿಗ್ರಿ ಓದುತ್ತಿದ್ದಳು. ಮದುವೆಗೆ ಮೊದಲು ಮಂಗಳೂರಿನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ನಾನು, ಮದುವೆಯ ಬಳಿಕ ನೆಲ್ಯಾಡಿಯಲ್ಲಿ ಹಮೀದ್ ಸರ್ ಅವರ ಲ್ಯಾಬಿಗೆ ಸೇರಿದೆ. ಹಮೀದ್ ಸರ್ ಅವರದು ಪುತ್ತೂರಿನ ಹಳೆಯ ವ್ಯಾಪಾರದ ಮನೆತನ. ಅಣ್ಣಂದಿರೆಲ್ಲ ಗಲ್ಫಿಗೆ ಹೋದರೆ ಇವರು ಇಲ್ಲೇ ಉಳಿದು, ಸುತ್ತಿನ ತೋಟಗಳಿಂದ ರಬ್ಬರ್ ಹಾಲು ಕೊಂಡು ಗ್ಲೌಸ್ ಮಾಡುವ ಕಂಪೆನಿಗಳಿಗೆ ಕಳಿಸುತ್ತಿದ್ದರು. ಕಂಪೆನಿಯವರು ಹಾಲಿನ ಗುಣ ಕೇಳತೊಡಗಿದ ಮೇಲೆ ಗೋದಾಮಿನ ಮಹಡಿಯಲ್ಲೇ ಪರೀಕ್ಷೆಗೆಂದು ಲ್ಯಾಬು ಕಟ್ಟಿದರು. ಆ ಲ್ಯಾಬಿನ ಮೊದಲ ನೌಕರಳು ನಾನು. ಬಹಳ ಕಾಲ ಒಬ್ಬಳೇ.

ರಬ್ಬರ್ ಹಾಲಿನಲ್ಲಿರುವ ಕೆಲವು ಪ್ರೋಟೀನುಗಳು ಕೆಲವರ ಮೈಗೆ ಆಗುವುದಿಲ್ಲ. ನಮ್ಮ ಅತ್ತೆಗೇ ಆಗುತ್ತಿರಲಿಲ್ಲ. ರಬ್ಬರಿನ ಗ್ಲೌಸ್ ಹಾಕಿ ಪಾತ್ರೆ ತೊಳೆದರೆ ಅವರ ಕೈ ಮೊಣಕೈವರೆಗೆ ಕೆಂಪಾಗಿ ಬೊಕ್ಕೆ ಏಳುತ್ತಿತ್ತು. ಒಮ್ಮೆ ಹಲ್ಲಿನ ಡಾಕ್ಟರು ಗ್ಲೌಸಿನ ಕೈಯಲ್ಲಿ ಬಾಯಿ ಮುಟ್ಟಿದ್ದಕ್ಕೆ ತುಟಿ ಊದಿ, ಉಸಿರು ಸಿಕ್ಕಿಹಾಕಿಕೊಂಡು, ಆಸ್ಪತ್ರೆಗೆ ಸೇರಿಸಬೇಕಾಯಿತು. ಅಮ್ಮನ ಆ ಮುಖ ನೋಡಿದ ಮೇಲೆ ಪವಿತ್ರಾಳಿಗೆ ಈ ವಿಷಯ ಬಿಟ್ಟರೆ ಬೇರೆ ಬೇಡವಾಯಿತು. ಎಂ.ಎಸ್ಸಿ. ಮುಗಿಸಿ ಬಂದವಳನ್ನು ಹಮೀದ್ ಸರ್ ಹತ್ತಿರ ಕರೆದುಕೊಂಡು ಹೋದದ್ದು ನಾನೇ. ಅದನ್ನೂ ಹೇಳಬೇಕು — ಆಗ ನನಗೆ ಅವಳ ಮೇಲೆ ನಿಜವಾಗಿಯೂ ಪ್ರೀತಿ ಇತ್ತು.

ಕೋಡಿಂಬಾಳದಿಂದ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೋಗುತ್ತಿದ್ದೆವು. ಅವಳು ಬಿಡುವುದು, ನಾನು ಹಿಂದೆ. ದಾರಿಯುದ್ದಕ್ಕೂ ಅವಳದು ಪ್ರಶ್ನೆ. ಬೆಳಗ್ಗಿನ ಹಾಲಿಗೂ ತಡವಾಗಿ ತಂದ ಹಾಲಿಗೂ ಪ್ರೋಟೀನಿನಲ್ಲಿ ವ್ಯತ್ಯಾಸ ಉಂಟಾ, ಹಾಲು ಹೆಪ್ಪುಗಟ್ಟದ ಹಾಗೆ ಅಮೋನಿಯಾ ಹಾಕಿದ ಮೇಲೆ ಎಂತ ಆಗುತ್ತದೆ, ನೀವು ಯಾವತ್ತಾದರೂ ನೋಡಿದ್ದೀರಾ ಎಂದು. ನಾನು ನೋಡಿರಲಿಲ್ಲ. ಬಂದ ಸ್ಯಾಂಪಲ್ಲಿಗೆ ಹೇಳಿದ ಪರೀಕ್ಷೆ ಮಾಡುವುದು, ಫಲಿತಾಂಶ ಬರೆದು ಕೊಡುವುದು — ನನಗೆ ಅಷ್ಟೇ ಗೊತ್ತಿದ್ದದ್ದು. ಹಿಂದಿನ ಸೀಟಿನಲ್ಲಿ ಕೂತು "ಹೌದು, ಇರಬಹುದು" ಎನ್ನುತ್ತಾ ಬರುತ್ತಿದ್ದೆ.

ಹಮೀದ್ ಸರ್ ಮಹಡಿಗೆ ಬಂದರೆ ನನ್ನ ಮೇಜಿನ ಹತ್ತಿರದ ಸ್ಟೂಲಿನಲ್ಲಿ ಕೂತು ಎರಡು ಮಾತಾಡಿ ಹೋಗುತ್ತಿದ್ದರು. ಯಾವಾಗಲೋ ಆ ಸ್ಟೂಲು ಪವಿತ್ರಾಳ ಮೇಜಿನ ಹತ್ತಿರ ಹೋಯಿತು. ಯಾರೂ ಬೇಕೆಂದು ಇಟ್ಟದ್ದಲ್ಲ. ಅವರು ಅಲ್ಲಿ ಕೂತು ಮಾತಾಡುತ್ತಾ ಮಾತಾಡುತ್ತಾ ಚಹಾ ತಣ್ಣಗಾಗಿಸಿಕೊಳ್ಳುವುದು ನನಗೆ ಕಾಣುತ್ತಿತ್ತು. ಮನೆಯಲ್ಲೂ ಅದೇ. ರಾತ್ರಿ ಊಟಕ್ಕೆ ಕೂತರೆ ನನ್ನ ಗಂಡ ಹರೀಶರು ತಂಗಿಯ ಹತ್ತಿರ "ಇವತ್ತು ಎಂತ ಆಯ್ತು ಲ್ಯಾಬಲ್ಲಿ?" ಎಂದು ಕೇಳುವರು. ಅಷ್ಟು ವರ್ಷ ನಾನು ಅದೇ ಲ್ಯಾಬಿನಿಂದ ಬಂದು ಅದೇ ಜಾಗದಲ್ಲಿ ಕೂತು ಉಂಡಿದ್ದೆ — ನನ್ನನ್ನು ಒಂದು ದಿನ ಕೇಳಿದವರಲ್ಲ. ಅತ್ತೆ ಮೀನಿನ ದೊಡ್ಡ ತುಂಡು ಮಗಳಿಗೆ ಬಡಿಸಿದರೂ ನನಗೆ ಎಂತದೋ ಆಗುವ ಮಟ್ಟಕ್ಕೆ ಬಂದಿದ್ದೆ. ಇಷ್ಟು ಸಣ್ಣದು ಬರೆಯಲು ನಾಚಿಕೆ. ಆದರೆ ದೊಡ್ಡ ಕಾರಣ ಹುಡುಕಿದರೆ ಸಿಗುವುದಿಲ್ಲ — ಇಷ್ಟೇ ಇದ್ದದ್ದು.

ಪವಿತ್ರಾ ಒಂದು ದಾರಿ ಕಂಡುಹಿಡಿದಳು. ಪಪ್ಪಾಯಿ ಕಾಯಿಯ ಸೊನೆಯಲ್ಲಿ ಪ್ರೋಟೀನನ್ನು ಕತ್ತರಿಸುವ ಗುಣ ಉಂಟು. ಅದನ್ನು ರಬ್ಬರ್ ಹಾಲಿಗೆ ಬಳಸಬಹುದೆಂದು ಮೊದಲೇ ತಿಳಿದದ್ದೇ. ಆದರೆ ನಮ್ಮ ಕಡೆಯ ಹಾಲಿಗೆ, ನಮ್ಮಲ್ಲೇ ಸಿಗುವ ಸೊನೆಯಿಂದ, ರಬ್ಬರಿನ ಗಟ್ಟಿತನ ಕೆಡದ ಹಾಗೆ ಮಾಡುವ ಹದ ಅವಳದ್ದೇ. ಒಟ್ಟು ಪ್ರೋಟೀನು ತುಂಬಾ ಇಳಿಯಿತು. ಇನ್ನು ತೋರಿಸಬೇಕಾದದ್ದು ಒಂದೇ — ಅತ್ತೆಯಂಥವರಿಗೆ ಆಗದ ಆ ನಿರ್ದಿಷ್ಟ ಪ್ರೋಟೀನು ಹೋಗಿದೆಯೇ ಎಂದು. ಗ್ಲೌಸ್ ಕಂಪೆನಿಯವರು ಅದನ್ನು ಬ್ಲಾಟ್‌ನಲ್ಲಿ ತೋರಿಸಿ ಎಂದರು. ಬ್ಲಾಟ್ ಎಂದರೆ, ಪ್ರೋಟೀನುಗಳನ್ನು ಸೋಪಿನಂಥ ದ್ರಾವಣದಲ್ಲಿ ಬೇಯಿಸಿ, ಜೆಲ್ಲಿನಲ್ಲಿ ಗಾತ್ರದ ಪ್ರಕಾರ ಬೇರೆ ಮಾಡಿ, ಒಂದು ತೆಳು ಹಾಳೆಗೆ ಇಳಿಸಿ, ಬೇಕಾದ ಪ್ರೋಟೀನನ್ನು ಮಾತ್ರ ಆ್ಯಂಟಿಬಾಡಿಯಿಂದ ಗುರುತಿಸುವುದು. ಪ್ರೋಟೀನು ಇದ್ದರೆ ಹಾಳೆಯಲ್ಲಿ ಒಂದು ಕಪ್ಪು ಪಟ್ಟಿ ಬರುತ್ತದೆ.

ಅದಕ್ಕೆ ಬೇಕಾದ ಮೊನೊಕ್ಲೋನಲ್ ಆ್ಯಂಟಿಬಾಡಿ ಎರಡು ಬಗೆಯದು ಸಿಗುತ್ತಿತ್ತು. ಮೊನೊಕ್ಲೋನಲ್ ಎಂದರೆ ಪ್ರೋಟೀನಿನ ಮೈಯಲ್ಲಿ ಒಂದೇ ಒಂದು ಜಾಗವನ್ನು ಹಿಡಿಯುವಂಥದು. ಆ ಜಾಗ ಯಾವುದು ಎಂಬುದರ ಮೇಲೆ ಎಲ್ಲ ನಿಂತಿದೆ. ಒಂದು ಆ್ಯಂಟಿಬಾಡಿ, ಪ್ರೋಟೀನು ಮಡಚಿಕೊಂಡು ತನ್ನ ಸಹಜ ಆಕಾರದಲ್ಲಿ ಇದ್ದರೆ ಮಾತ್ರ ಹಿಡಿಯುತ್ತಿತ್ತು. ಬೇಯಿಸಿದರೆ ಮಡಿಕೆ ಬಿಚ್ಚಿ ಆ ಜಾಗವೇ ಇಲ್ಲವಾಗುತ್ತದೆ, ಆಮೇಲೆ ಅದು ಕುರುಡು. ಇನ್ನೊಂದು ಬೇಯಿಸಿದರೂ ಹಿಡಿಯುತ್ತಿತ್ತು. ಎರಡನ್ನೂ ನಾನು ಮಂಗಳೂರಿನಲ್ಲಿ ಬಳಸಿದ್ದೆ. ಮೊದಲನೆಯದರಲ್ಲಿ ಬ್ಲಾಟ್ ಮಾಡಲು ಹೋಗಿ ಖಾಲಿ ಹಾಳೆ ಹಿಡಿದು ನಿಂತವಳು ನಾನೇ.

ಪವಿತ್ರಾ ಕಂಪ್ಯೂಟರಿನಲ್ಲಿ ಎರಡನ್ನೂ ತೆರೆದಿಟ್ಟು ನನ್ನನ್ನು ಕರೆದಳು. ಮೊದಲನೆಯದರ ಬಗ್ಗೆ ಕಂಪೆನಿಯವರು ಬೇಯಿಸದೆ ಮಾಡುವ ಪ್ಲೇಟ್ ಪರೀಕ್ಷೆಗೆ ಆಗುತ್ತದೆ ಎಂದಷ್ಟೇ ಹಾಕಿದ್ದಾರೆ, ಬ್ಲಾಟಿನ ಸುದ್ದಿಯೇ ಇಲ್ಲ ಎಂದಳು. ಅವಳು ಸರಿಯಾಗಿಯೇ ನೋಡಿದ್ದಳು. ನಾನು ಕುರ್ಚಿಯ ಹಿಂದೆ ನಿಂತಿದ್ದೆ. ಅವಳ ಜಡೆ, ಪಕ್ಕದಲ್ಲಿ ಆ ಸ್ಟೂಲು.

"ಮೊದಲಿನದ್ದನ್ನೇ ತರಿಸು," ಎಂದೆ.

"ಬೇಯಿಸಿದ್ದನ್ನು ಹಿಡಿಯುತ್ತದಾ ಅತ್ತಿಗೆ, ಅದು?"

"ನಾನು ಮಂಗಳೂರಲ್ಲಿ ಇದರಲ್ಲೇ ಮಾಡಿದ್ದು. ಒಳ್ಳೆ ಪಟ್ಟಿ ಬರ್ತದೆ."

ಅಷ್ಟೇ ಮಾತು. ಅತ್ತಿಗೆ ಮಾಡಿದ್ದೇನೆ ಎಂದರೆ ಮತ್ತೆ ಪರೀಕ್ಷಿಸುವುದೆಂಥದು — ಅವಳು ಅದನ್ನೇ ತರಿಸಿದಳು. ಅದು ಬರುವವರೆಗೂ ನಾನು ಬಾಯಿ ಬಿಡಬಹುದಿತ್ತು. ಪ್ರತಿದಿನ ಸ್ಕೂಟರಿನಲ್ಲಿ ಅವಳ ಹಿಂದೆ ಕೂತು, ಇವತ್ತು ಹೇಳಿಬಿಡುವ ಎಂದು...

ಹೇಳಲಿಲ್ಲ.

ಹಾಳೆ ಖಾಲಿ ಬಂತು. ಪಪ್ಪಾಯಿ ಸೊನೆ ಹಾಕಿದ್ದರಲ್ಲೂ ಖಾಲಿ, ಏನೂ ಹಾಕದ ಹಾಲಿನಲ್ಲೂ ಖಾಲಿ. ಎರಡರಲ್ಲೂ ಖಾಲಿ ಎಂದರೆ ಏನೂ ತಿಳಿಯುವುದಿಲ್ಲ. ಮತ್ತೆ ಮಾಡಿದಳು, ಮತ್ತೆಯೂ ಖಾಲಿ. ಹಾಳೆಗೆ ಕೆಂಪು ಬಣ್ಣ ಹಾಕಿ ಪ್ರೋಟೀನು ಇಳಿದಿದೆ ಎಂದು ನೋಡಿಕೊಂಡಳು. ಆ್ಯಂಟಿಬಾಡಿ ಹೆಚ್ಚು ಹಾಕಿದಳು, ತೊಳೆಯುವುದನ್ನು ಕಡಿಮೆ ಮಾಡಿದಳು. ಕೊನೆಗೆ ಒಂದು ದಿನ ನನ್ನ ಮುಂದೆ ಬಂದು, ಉಳಿದದ್ದೆಲ್ಲ ಸರಿ ಉಂಟು, ಇದು ಆ್ಯಂಟಿಬಾಡಿಯದೇ ದೋಷ ಇರಬೇಕು ಅಂದಳು.

ಆವತ್ತು ನಾನು ಮಾಡಿದ್ದು ಮೊದಲಿನದಕ್ಕಿಂತ ಕೆಟ್ಟದ್ದು. ಹಮೀದ್ ಸರ್ ಅವರನ್ನೂ ಕರೆದು, ಇಬ್ಬರ ಎದುರೇ ಅದೇ ಆ್ಯಂಟಿಬಾಡಿಯಿಂದ ಪ್ಲೇಟ್ ಪರೀಕ್ಷೆ ಮಾಡಿ ತೋರಿಸಿದೆ. ಪ್ಲೇಟಿನಲ್ಲಿ ಪ್ರೋಟೀನನ್ನು ಬೇಯಿಸುವುದಿಲ್ಲ; ಅದು ತನ್ನ ಆಕಾರದಲ್ಲೇ ಇರುತ್ತದೆ. ಆ್ಯಂಟಿಬಾಡಿ ಹಿಡಿದಿದೆ ಎಂದು ತೋರಿಸುವ ನೀಲಿ ಬಣ್ಣ ಚಂದವಾಗಿ ಬಂತು. ನನ್ನ ಕೈಯಲ್ಲಿ ಬಂದದ್ದು ಸುಳ್ಳು ಬಣ್ಣವಲ್ಲ, ನಿಜವಾದ ಬಣ್ಣವೇ — ಆ ನಿಜವನ್ನೇ ನಾನು ಸುಳ್ಳು ಹೇಳಲು ಬಳಸಿದೆ.

"ಆ್ಯಂಟಿಬಾಡಿಗೆ ಎಂತ ಆಗಿದೆ? ನಿನ್ನ ಕೈಯಲ್ಲೇ ಎಲ್ಲಿಯೋ ತಪ್ಪುತ್ತಾ ಉಂಟು, ಪವಿತ್ರಾ," ಎಂದೆ.

ಅವಳು ತನ್ನ ಕೈ ನೋಡಿಕೊಂಡಳು. ಸುಮ್ಮನೆ ಹೇಳುತ್ತಿಲ್ಲ — ಅಂಗೈ ಎತ್ತಿ ನೋಡಿಕೊಂಡಳು. ನನಗೆ ಆ ಗಳಿಗೆ ಖುಷಿಯಾಯಿತು. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಬರೆದು ಪ್ರಯೋಜನವಿಲ್ಲ.

ಬೇಯಿಸಿದರೆ ಬೇರೆಯಾಗಬಹುದಲ್ಲ ಎಂದು ಅವಳು ಆಮೇಲೂ ಒಮ್ಮೆ ಮೆಲ್ಲಗೆ ಹೇಳಿದ್ದಳು. ಮಂಗಳೂರಿನಲ್ಲಿ ನನಗೆ ಬಂದದ್ದು ನಿನಗೆ ಬರುವುದಿಲ್ಲ ಎಂದರೆ ನಾನೆಂತ ಮಾಡುವುದು ಎಂದೆ. ಮತ್ತೆ ಕೇಳಲಿಲ್ಲ. ಗ್ಲೌಸ್ ಕಂಪೆನಿಯವರು ಕೊಟ್ಟ ಗಡುವು ಮುಗಿಯಿತು. ಹಮೀದ್ ಸರ್ ಬೈಯಲಿಲ್ಲ. ತೋಟಗಳಿಂದ ಸ್ಯಾಂಪಲ್ ತರುವ ಕೆಲಸ ಅವಳಿಗೆ ಹಚ್ಚಿದರು. ಕೆಲವು ತಿಂಗಳು ಅದನ್ನೂ ಮಾಡಿ, ಒಂದು ದಿನ, ನನಗೆ ಈ ಕೆಲಸದ ಕೈ ಇಲ್ಲ ಅತ್ತಿಗೆ ಎಂದು ಹೇಳಿ ಕೆಲಸ ಬಿಟ್ಟಳು. ಆಮೇಲೆ ಆಲೆಟ್ಟಿಗೆ ಮದುವೆಯಾಗಿ ಹೋದಳು. ಸುಳ್ಯ ಪೇಟೆಯಲ್ಲಿ ರಕ್ತದ ಸ್ಯಾಂಪಲ್ ತೆಗೆಯುವ ಸಣ್ಣ ಸೆಂಟರ್ ಒಂದನ್ನು ನಡೆಸತೊಡಗಿದಳು. ತೆಗೆಯುವುದು ಮಾತ್ರ ಅಲ್ಲಿ, ಪರೀಕ್ಷೆ ಮಂಗಳೂರಿನಲ್ಲಿ.

ಅವಳು ಹೋದ ಮೇಲೆ, ಆ್ಯಂಟಿಬಾಡಿ ಮುಗಿದಿದೆ ಎಂದು ಹೇಳಿ ನಾನು ಎರಡನೆಯದನ್ನು ತರಿಸಿದೆ. ಫ್ರೀಜರಿನಲ್ಲಿ ಅವಳು ತಯಾರಿಸಿಟ್ಟ ಸ್ಯಾಂಪಲ್ಲುಗಳೇ ಇದ್ದವು. ಮೊದಲ ಸಲಕ್ಕೇ ಬಂತು: ಬರೀ ಹಾಲಿನಲ್ಲಿ ಕಪ್ಪು ಪಟ್ಟಿ, ಅವಳ ಹದದಲ್ಲಿ ಸೊನೆ ಹಾಕಿದ್ದರಲ್ಲಿ ಏನೂ ಇಲ್ಲ. ಅವಳು ಹೇಳಿದ್ದು ಪೂರ್ತಿ ಸರಿಯಿತ್ತು. ಹಮೀದ್ ಸರ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಅನುಭವ ಅಂದ್ರೆ ಇದು ಮಾರಾಯ್ರೆ," ಎಂದರು. ನಾನು ತಲೆ ಬಗ್ಗಿಸಿದೆ. ಅವರು ಅದನ್ನು ವಿನಯ ಎಂದುಕೊಂಡರು. ಗಡುವು ಮೀರಿದ್ದರೂ ನೋಡಲು ಬಂದ ಕಂಪೆನಿಯವರ ಮುಂದೆ ವಿವರಿಸಿದ್ದು ನಾನು. ಪವಿತ್ರಾಳ ಹೆಸರು ಎಲ್ಲಿಯೂ ಬರಲಿಲ್ಲ. ಬರಬೇಕಿತ್ತು ಎಂದು ಹೇಳಬಹುದಾಗಿದ್ದವಳು ನಾನೊಬ್ಬಳೇ.

ಹೀಗೆ ವರ್ಷಗಳು ಹೋದವು. ಹಬ್ಬಕ್ಕೆ ಬಂದಾಗ ಅವಳು ಲ್ಯಾಬಿನ ಸುದ್ದಿ ಎತ್ತುತ್ತಿರಲಿಲ್ಲ. ನಾನೂ ಇಲ್ಲ.

ಮೊನ್ನೆ ಬೇಸಿಗೆಯಲ್ಲಿ ನನಗೆ ಥೈರಾಯ್ಡ್ ನೋಡಬೇಕೆಂದು ಡಾಕ್ಟರು ಬರೆದುಕೊಟ್ಟರು. ಸುಳ್ಯಕ್ಕೆ ಬೇರೆ ಕೆಲಸಕ್ಕೆ ಹೋದವಳು ಅವಳ ಸೆಂಟರಿಗೇ ಹೋದೆ. ರಟ್ಟೆಗೆ ಪಟ್ಟಿ ಕಟ್ಟಿ ನರ ಹುಡುಕಿದಳು. ಸೂಜಿ ಹೋದದ್ದೇ ಗೊತ್ತಾಗಲಿಲ್ಲ. ನಾನು ಏನೋ ಹೇಳಬೇಕಲ್ಲ ಎಂದು, ನಿನ್ನ ಕೈ ಎಷ್ಟು ಹಗುರ ಮಾರಾಯ್ತಿ ಅಂದೆ.

"ಇದಕ್ಕಾದ್ರೂ ಆಯ್ತಲ್ಲ ಅತ್ತಿಗೆ, ಈ ಕೈ," ಎಂದಳು. ನಗುತ್ತಲೇ ಹೇಳಿದಳು. ವ್ಯಂಗ್ಯ ಇರಲಿಲ್ಲ. ಅಷ್ಟು ವರ್ಷ ಅವಳು ಅದನ್ನು ನಂಬಿಕೊಂಡೇ ಬದುಕಿದ್ದಳು.

ನಾನು ಅಲ್ಲೇ ಹೇಳಿದೆ. ಸೂಜಿ ತೆಗೆದ ಜಾಗಕ್ಕೆ ಹತ್ತಿ ಒತ್ತಿಕೊಂಡು, ಒಂದರ ಮೇಲೊಂದು — ಎರಡು ಆ್ಯಂಟಿಬಾಡಿ, ಮಂಗಳೂರಿನ ಸುಳ್ಳು, ನೀಲಿ ಪ್ಲೇಟು, ಆಮೇಲೆ ಅವಳದೇ ಸ್ಯಾಂಪಲ್ಲು. ಟ್ಯೂಬಿಗೆ ನನ್ನ ಹೆಸರಿನ ಚೀಟಿ ಅಂಟಿಸುತ್ತಿದ್ದವಳು ಅಂಟಿಸಿ ಮುಗಿಸಿದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಸೊನೆ ಹಾಕಿದ್ದರಲ್ಲಿ ಸ್ವಲ್ಪವೂ ಇರಲಿಲ್ವಾ?"

"ಇರಲಿಲ್ಲ."

"ಬರೀ ಹಾಲಿನಲ್ಲಿ ಬಂದಿತ್ತು?"

"ಬಂದಿತ್ತು. ಕಪ್ಪಗೆ."

ಅವಳು ಗೋಡೆಯ ಕಡೆ ತಿರುಗಿ ನಿಂತಳು. ಅತ್ತಳೋ ಗೊತ್ತಿಲ್ಲ. ತಿರುಗಿದಾಗ ಮುಖ ಒರೆಸಿಕೊಂಡ ಹಾಗಿತ್ತು. "ರಿಪೋರ್ಟು ಫೋನಿಗೆ ಬರ್ತದೆ. ನೀವಿನ್ನು ಇಲ್ಲಿಗೆ ಬರ್ಬೇಡಿ," ಎಂದು ಹೇಳಿ ಹೊರಗೆ ಕಾಯುತ್ತಿದ್ದ ಮುದುಕರನ್ನು ಒಳಗೆ ಕರೆದಳು.

ಮನೆಯಲ್ಲಿ ಹರೀಶರಿಗೆ ಹೇಳಿದೆ, ಅತ್ತೆಗೂ ಹೇಳಿದೆ. ಹರೀಶರು ನನ್ನೊಂದಿಗೆ ಅಗತ್ಯವಿದ್ದಷ್ಟೇ ಮಾತಾಡುತ್ತಾರೆ. ಅತ್ತೆ, ನಿನಗೆ ನಾವೆಂತ ಕಡಿಮೆ ಮಾಡಿದ್ದೆವು ಎಂದು ಒಮ್ಮೆ ಕೇಳಿದರು. ಹಮೀದ್ ಸರ್ ಅವರ ಎದುರು ನಿಂತು ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಕೆಲಸ ಬಿಡುತ್ತೇನೆ ಎಂದೆ. ಅವರು ಕಂಪೆನಿಗೆ ಪವಿತ್ರಾಳ ಹೆಸರು ಸೇರಿಸಿ ತಿಳಿಸುವುದಾಗಿ ಮಾತ್ರ ಹೇಳಿ, ಕಾರು ತೆಗೆದುಕೊಂಡು ತಾವೇ ಸುಳ್ಯಕ್ಕೆ ಹೋದರು — ಅವಳನ್ನು ಲ್ಯಾಬಿಗೆ ವಾಪಸು ಕರೆಯಲು. ಅವಳು ಬರುತ್ತಾಳೋ ಇಲ್ಲವೋ ಇನ್ನೂ ಹೇಳಿಲ್ಲ.

ಅವರು ಹೋದ ಸುದ್ದಿ ಕೇಳಿದಾಗ ನನಗಾದ ಮೊದಲ ಭಾವ ಸಮಾಧಾನವಲ್ಲ. ನನ್ನನ್ನು ಹುಡುಕಿಕೊಂಡು ಯಾರೂ ಹೀಗೆ ಕಾರು ತೆಗೆದುಕೊಂಡು ಬಂದಿರಲಿಲ್ಲವಲ್ಲ ಎಂಬುದು. ಎಲ್ಲ ಒಪ್ಪಿಕೊಂಡ ಮೇಲೂ, ಇಷ್ಟೆಲ್ಲ ಆದ ಮೇಲೂ — ಆ ಹೊಟ್ಟೆಕಿಚ್ಚು ಹೋಗಿಲ್ಲ, ಒಳಗೇ ಉಂಟು. ಈ ಸಲ ಮಾತ್ರ ಅದು ಬಂದ ಗಳಿಗೆಯೇ ನನಗೆ ಗೊತ್ತಾಯಿತು.