ಅಕ್ಕನನ್ನು ಗುರುತಿಸದ ಡಾರ್ಕಸ್

ಸೂರ್ಯ ಇನ್ನೂ ಹೊಳೆಯಾಚೆಯ ಮರಗಳ ಹಿಂದೆಯೇ ಇದ್ದಾನೆ. ನೋರೀನ್ ಟ್ಯಾಗರ್ಟ್ ಮಂಡಿಯೂರಿ, ಕಬ್ಬಿಣದ ಹಂಡೆಯ ಕೆಳಗೆ ಬೆಂಕಿ ಊದುತ್ತಿದ್ದಾರೆ. ಮೈಮೇಲೆ ಮೂರು ಲಂಗ, ದಾರ ಎಳೆದು ಬಿಗಿದ ಕುಪ್ಪಸ, ತಲೆಗೆ ನಾರುಬಟ್ಟೆಯ ಟೋಪಿ. ಕಾಲಿನ ಚರ್ಮದ ಜೋಡಿಗೆ ಎಡ ಬಲ ಎಂಬ ಭೇದವೇ ಇಲ್ಲ. ಹಂಡೆಯ ಮರೆಯಲ್ಲಿ ಕಾಗದದ ಲೋಟದ ಕಾಫಿ ಇದೆ. ಗೇಟು ತೆರೆಯುವ ಮೊದಲು ಅದು ಖಾಲಿಯಾಗಬೇಕು. ಆಮೇಲೆ ಇಲ್ಲಿ 1778 ಶುರು.

ಪೆನ್ಸಿಲ್ವೇನಿಯಾದ ನಮ್ಮೂರ ಬಯಲು ವಸ್ತುಸಂಗ್ರಹಾಲಯದಲ್ಲಿ ನೋಡಲು ಬರುವ ಜನರ ಮುಂದೆ ನೋರೀನ್ ಎಷ್ಟೋ ವರ್ಷಗಳಿಂದ ಡಾರ್ಕಸ್ ಎಂಬ ಅಗಸಗಿತ್ತಿಯ ಪಾತ್ರ ಮಾಡುತ್ತಿದ್ದಾರೆ. ಅಮೆರಿಕದ ಸ್ವಾತಂತ್ರ್ಯಯುದ್ಧದ ಪಡೆಯ ಬೆನ್ನಿಗೆ ನಡೆದು, ಸೈನಿಕರ ಅಂಗಿ ಒಗೆದು, ಅವರ ಅರ್ಧದಷ್ಟು ಊಟಕ್ಕೆ ಬದುಕಿದ ಹೆಂಗಸರಲ್ಲಿ ಒಬ್ಬಳು. ಅಂಥವರ ಚಿತ್ರವನ್ನು ಯಾರೂ ಬರೆಸಿಡಲಿಲ್ಲವಾದ್ದರಿಂದ, ಅವಳ ನಡೆ, ನುಡಿ, ಬೈಗುಳ ಎಲ್ಲವನ್ನೂ ನೋರೀನರೇ ಹೆಕ್ಕಿ ಕಟ್ಟಿದ್ದಾರೆ. ಒಳಮನೆಯಲ್ಲಿ ಸೇನಾಪತಿಯ ಹೆಂಡತಿಯಾಗಿ ರೇಷ್ಮೆ ಉಟ್ಟು ಕೂರುವವರ ಫೋಟೊ ಕ್ಯಾಲೆಂಡರಿನಲ್ಲಿ ಬರುತ್ತದೆ. ಹೊಗೆಗೆ ಕಣ್ಣು ಕೆಂಪಾದ ಇವರದು ಬಂದದ್ದನ್ನು ನಾನಂತೂ ಕಂಡಿಲ್ಲ.

"ಈ ಬೆಂಕಿ ನಿಜವಾದ್ದಾ ಅಂತ ದಿನಾ ಒಬ್ಬರಾದ್ರೂ ಕೇಳ್ತಾರೆ," ಎಂದು ನಗುತ್ತಾರೆ. "ಮುಟ್ಟಿ ನೋಡಪ್ಪಾ, ಆಮೇಲೆ ನೀನೇ ನನಗೆ ಹೇಳು ಅಂತೀನಿ. ಸೆಕೆ ಆಗಲ್ವಾ ಅಂತಾರೆ. ಆಗದೆ ಏನು? ಡಾರ್ಕಸ್‌ಗೂ ಆಗ್ತಿತ್ತು. ಸಂಜೆ ಮನೆಗೆ ಹೋಗೋ ಭಾಗ್ಯ ಅವಳಿಗಿರಲಿಲ್ಲ, ಅಷ್ಟೇ."

ಬೂದಿನೀರಿಗೆ ಬೆರಳ ತುದಿ ಬಿರಿದಿದೆ. ಒದ್ದೆ ಬಟ್ಟೆ ಎತ್ತಿ ಎತ್ತಿ ಸೊಂಟ ಹೋಗಿದೆ. ಆದರೂ ಪಾತ್ರ ಬಿಡುವ ಮಾತಿಲ್ಲ. ಹಗ್ಗದಾಚೆ ಜನ ನಿಂತಿರುವಷ್ಟು ಹೊತ್ತು ತಲೆ ಮೇಲೆ ವಿಮಾನ ಹಾರಿದರೂ ಕತ್ತೆತ್ತಬಾರದು ಎಂಬುದು ಈ ಕೆಲಸದ ಕಟ್ಟುಪಾಡು. "ಪಕ್ಕದ ಮನೆಯವನು ಬಂದು, ನೋರೀನ್, ನಿನ್ನ ಕಾರಿನ ದೀಪ ಉರೀತಾ ಇದೆ ಅಂದ. ಕಾರು ಅಂದ್ರೆ ಏನಪ್ಪಾ ಅಂದೆ. ಸಂಜೆ ನೋಡಿದ್ರೆ ಬ್ಯಾಟರಿ ಸತ್ತಿತ್ತು!"

ಈ ಹಠವೇ ಅವರ ಹೆಮ್ಮೆ. ಅವರನ್ನು ಸುಟ್ಟದ್ದೂ ಇದೇ.

ನೋರೀನ್‌ಗೆ ಮಾರ್ಗರೆಟ್ ಎಂಬ ಅಕ್ಕ ಇದ್ದಾರೆ. ತಾಯಿ ಹಾಸಿಗೆ ಹಿಡಿದಾಗ ನೋಡಿಕೊಂಡವರು ಅವರೇ. ತಾಯಿ ತೀರಿಕೊಂಡದ್ದು ಜುಲೈ ನಾಲ್ಕರ ಸ್ವಾತಂತ್ರ್ಯ ದಿನದಂದು, ನೋರೀನ್ ಬಟ್ಟೆ ಒಗೆಯುವ ಈ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದ ದಿನ. ಸುದ್ದಿ ನೋರೀನ್‌ಗೆ ತಲುಪಿದ್ದು ಪ್ರದರ್ಶನ ಮುಗಿದ ಮೇಲೆ. "ಎಂದೋ ಸತ್ತ ಹೆಂಗಸರ ಕಥೆ ಹೇಳೋಕೆ ಹೋಗಿ ಸಾಯ್ತಿರೋ ಅಮ್ಮನ್ನ ಬಿಟ್ಟೆಯಲ್ಲೇ," ಎಂದರಂತೆ ಅಕ್ಕ. ಅಲ್ಲಿಂದ ಮಾತು ನಿಂತಿತು.

ಕೆಲವು ವರ್ಷ ಕಳೆದು, ಒಂದು ಬೇಸಿಗೆಯ ಮಧ್ಯಾಹ್ನ, ಶಾಲಾಮಕ್ಕಳ ಹಿಂಡಿನ ಹಿಂದೆ ಮಾರ್ಗರೆಟ್ ಬಂದು ನಿಂತರು. "ನನ್ನ ಗುರುತು ಸಿಕ್ತಾ?" ಎಂದರು.

"ಗುರುತು ಸಿಗದೆ ಏನು? ಆದ್ರೆ ಬಾಯಿ ಅಭ್ಯಾಸಕ್ಕೆ ಬಿದ್ದಿತ್ತು ನೋಡಿ," ಎನ್ನುತ್ತಾರೆ ನೋರೀನ್, ಕೈಯಲ್ಲಿದ್ದ ಅಂಗಿಯನ್ನು ಹಿಂಡುತ್ತಾ. "'ಇಲ್ಲ ತಾಯಿ, ನಿಮ್ಮ ಗಂಡ ಯಾವ ದಳದಲ್ಲಿದ್ದಾರೆ?' ಅಂದ್ಬಿಟ್ಟೆ. ಮಕ್ಕಳೆಲ್ಲ ಗೊಳ್ಳಂತ ನಕ್ಕರು. ಅವಳೂ ಸ್ವಲ್ಪ ನಕ್ಕಳು. ಅಂಗಿ ಹಿಂಡಿ ತಲೆ ಎತ್ತಿದ್ರೆ ಇರಲಿಲ್ಲ."

ಲಂಗ ಎತ್ತಿಕೊಂಡು ಕಾರು ನಿಲ್ಲಿಸುವ ಜಾಗದವರೆಗೂ ಓಡಿದರು. ಅಕ್ಕ ಹೊರಟುಹೋಗಿದ್ದರು. ರಾತ್ರಿ ಫೋನ್ ಮಾಡಿದರೆ, "ಡಾರ್ಕಸ್ ಹತ್ರ ಫೋನ್ ಎಲ್ಲಿಂದ ಬಂತು?" ಎಂದಷ್ಟೇ ಕೇಳಿ ಇಟ್ಟುಬಿಟ್ಟರು. ಮತ್ತೆ ಎತ್ತಲಿಲ್ಲ. ಬರೆದ ಕಾಗದಗಳೂ ಒಡೆಯದೆ ವಾಪಸಾದವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇವರು ಆಡಿದ್ದು ತಮ್ಮ ಮಾತೂ ಅಲ್ಲ.

ಈಗ ಒಗೆಯುವ ಅಂಗಳವೇ ಹೋಗಲಿದೆ; ಈ ಅಕ್ಟೋಬರ್ ಅದರ ಕೊನೆಯ ತಿಂಗಳು. ಬರುವ ವಸಂತದಿಂದ ಇಲ್ಲಿ ಮದುವೆಗಳಿಗೆ ಡೇರೆ ಹಾಕುತ್ತಾರಂತೆ. ನೋರೀನ್‌ಗೆ ಒಳಮನೆಯ ರೇಷ್ಮೆ ಪಾತ್ರವನ್ನು ಈಗಿನಿಂದಲೇ ಕೊಡುತ್ತೇವೆಂದರು. ಸೊಂಟಕ್ಕೂ ಬೆರಳಿಗೂ ಬಿಡುಗಡೆ. ಇವರು ಬೇಡವೆಂದಿದ್ದಾರೆ. ತಲೆ ಕೆಟ್ಟಿದೆಯೇ ಎಂದು ಜೊತೆಯವರು ಬೈದರು. ನಾನೂ ಬೈದೆ.

"ಒಳಗೆ ಬಣ್ಣ ಬಳ್ಕೊಂಡು ಕೂತ್ರೆ ಅವಳು ನನ್ನ ಎಲ್ಲಿ ಹುಡುಕ್ತಾಳೆ? ಅವಳಿಗೆ ಗೊತ್ತಿರೋದು ಈ ಹಂಡೆ ಒಂದೇ," ಎಂದರು. ಬಂದರೆ ಏನು ಹೇಳುತ್ತೀರಿ ಎಂದೆ. "ಹೇಳೋದೇನು? ಯಾಕೆ ಇಷ್ಟು ತಡ ಮಾಡ್ದೆ ಮಾರ್ಗಿ ಅಂತ ಬೈತೀನಿ, ಎಲ್ಲರ ಎದುರಿಗೇ. ಮಕ್ಕಳು ನಗೋದಾದ್ರೆ ನಗ್ಲಿ."

ಹಿಂದೆ ಎರಡು ಸಲ ಸಂದರ್ಶನ ಬೇಡವೆಂದಿದ್ದ ಇವರು ಈ ಸಲ ಏಕೆ ಒಪ್ಪಿದರು ಎಂಬುದು ಗೊತ್ತಾದದ್ದು ನಾನು ಹೊರಡಲು ಎದ್ದಾಗ. "ಮಾರ್ಗಿ ಮೊದಲಿಂದ್ಲೂ ನಿಮ್ಮ ಪೇಪರಿನ ಪುರವಣಿ ತರಿಸ್ತಾಳೆ," ಎಂದರು, ಕೈ ಒರೆಸಿಕೊಳ್ಳುತ್ತಾ. "ಬೇರೇನೂ ಓದಲ್ಲ. ಅಡುಗೆ ಪುಟ ಮಾತ್ರ ಕತ್ತರಿಸಿ ಡಬ್ಬಿಯಲ್ಲಿ ಇಡ್ತಾಳೆ. ನಂದು ಅದರ ಹಿಂದಿನ ಪುಟಕ್ಕೆ ಬರೋ ಹಾಗೆ ಮಾಡೋಕಾಗುತ್ತಾ?"

ಸಂಪಾದಕರು ಒಪ್ಪಿದ್ದಾರೆ. ಈ ಪುಟದ ಹಿಂಬದಿಯಲ್ಲಿ ಕುಂಬಳಕಾಯಿ ಪೈ ಮಾಡುವ ಬಗೆ ಇದೆ. ಮಾರ್ಗರೆಟ್ ಅವರೇ, ನಿಮ್ಮ ತಂಗಿ ಅಕ್ಟೋಬರ್ ಮುಗಿಯುವವರೆಗೆ ಅಂಗಳದಲ್ಲೇ ಇರುತ್ತಾರೆ.